ಶಾಸ್ತ್ರದಾನವೂ ಶಾಸ್ತ್ರದ ಸುಂಕವೂ

ಭಾರತ ಸರಕಾರದ ಮಂತ್ರಿಮಂಡಲವು 2024ನೆಯ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆಯನ್ನಿತ್ತಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಮೂವತ್ತು ಮಂದಿ ಪ್ರಕಾಶಕರು ಹೊರಡಿಸುವ ಸುಮಾರು 13,000 ವಿದ್ವತ್ಪತ್ರಿಕೆಗಳು. ಅವನ್ನು ಓದಲು ಅಧಿಕಾರ ಪಡೆದ 6,300ರಷ್ಟು ಸರಕಾರಿ ವಿದ್ಯಾಸಂಸ್ಥೆಗಳು, ಅವುಗಳಲ್ಲಿ ಒಂದು ಕೋಟಿ ಎಂಬತ್ತು ಲಕ್ಷ ವಿದ್ಯಾರ್ಥಿಗಳೂ ಅಧ್ಯಾಪಕರೂ. ಈ ಅಂಕಿಗಳನ್ನು ಕೇಳಿದವರು ಬೆರಗಾದುದು ಸಹಜವೇ. ಜ್ಞಾನದ ಹೆಬ್ಬಾಗಿಲು ತೆರೆಯಿತೆಂದೂ, ವಿದ್ವತ್ಪ್ರಕಟಣೆಯ ತೊಡಕು ಇನ್ನು ಬಿಡಿಸಿದಂತೆಯೇ ಸರಿಯೆಂದೂ ಹೇಳತಕ್ಕವರು ಅಂದಿನಿಂದ ಹೆಚ್ಚಿದ್ದಾರೆ. ಈ ಮಾತು ವಿಚಾರಣೆಯಲ್ಲಿ ನಿಲ್ಲತಕ್ಕದ್ದಲ್ಲ. ಬಾಗಿಲು ಇದ್ದಲ್ಲಿಯೇ ಇದೆ, ಬೀಗವೂ ಇದೆ. ಬೀಗದ ಒಡೆಯನಿಗೆ ಮೂರು ವರ್ಷದ ಬಾಡಿಗೆ ಮುಂಗಡವಾಗಿ ಸಂದಿದೆ. 2027ನೆಯ ಡಿಸೆಂಬರು ಕಳೆದ ಮರುದಿನ ಮತ್ತೆ ಅವನ ಮುಂದೆಯೇ ಕೈಮುಗಿದು ನಿಲ್ಲಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು?

ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದನ್ನು ತಿಳಿಯಲು ದೆಹಲಿಯವರೆಗೆ ಹೋಗಬೇಕಾದುದಿಲ್ಲ. ಬೆಂಗಳೂರಿನ ಪೂರ್ವಭಾಗದ ಹೊಸ ತಿಪ್ಪಸಂದ್ರದ ಬೀದಿಗಳಲ್ಲಿ ಒಂದು ಸಂಜೆ ತಿರುಗಾಡಿದರೆ ಸಾಕು. ಆ ಬಡಾವಣೆಯ ಸುತ್ತಲೂ ವಿದ್ಯೆಯ ಕೋಟೆಗಳೇ ಇವೆ. ಒಂದು ಕಡೆ 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ, ಮಗ್ಗುಲಲ್ಲಿ ಬಿ.ಇ.ಎಂ.ಎಲ್.; ನೆರೆಯ ಸಿ. ವಿ. ರಾಮನ್ ನಗರದಲ್ಲಿ ರಕ್ಷಣಾ ಇಲಾಖೆಯ ಪ್ರಯೋಗಾಲಯಗಳು. ಹಳೆಯ ವಿಮಾನನಿಲ್ದಾಣದ ರಸ್ತೆಯ ಕಡೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಮತ್ತು ಉಪಗ್ರಹಗಳನ್ನು ಕಟ್ಟುವ ಕೇಂದ್ರ. ಅಲ್ಲಿ ಮೂವತ್ತು ನಲವತ್ತು ವರ್ಷ ದುಡಿದವರು ಹೊಸ ತಿಪ್ಪಸಂದ್ರದಲ್ಲಿಯೂ ಅದರ ಆಸುಪಾಸಿನಲ್ಲಿಯೂ ಮನೆ ಕಟ್ಟಿಕೊಂಡು ನಿವೃತ್ತರಾಗಿದ್ದಾರೆ. ನಿವೃತ್ತಿಯ ದಿನ ಕಚೇರಿಯ ಗುರುತುಚೀಟಿಯೊಡನೆ ಗ್ರಂಥಾಲಯದ ಪಾಸ್‌ವರ್ಡೂ ಹೋಗುತ್ತದೆ. ಮರುದಿನ ಬೆಳಗ್ಗೆ ಆ ಗೃಹಸ್ಥನು ಮೊಮ್ಮಗಳಿಗೆ ತೋರಿಸಲೆಂದು ತಾನೇ ಬರೆದ ಲೇಖನವನ್ನು ತೆಗೆಯಹೋದರೆ, ಪರದೆಯ ಮೇಲೆ ಮೂವತ್ತೋ ನಲವತ್ತೋ ಡಾಲರು ಕೊಡಿರೆಂಬ ಬರಹ ಕಾಣಿಸಿಕೊಳ್ಳುತ್ತದೆ. ಅವನ ಸಂಬಳವನ್ನು ಕೊಟ್ಟುದು ಸರಕಾರ. ಯಂತ್ರವನ್ನು ಕೊಂಡುದು ಸರಕಾರ. ಲೇಖನ ಮಾತ್ರ ಆಮ್‌ಸ್ಟರ್‌ಡಾಮಿನ ವರ್ತಕನದು.

ಅದೇ ಬೀದಿಯ ಖಾಸಗಿ ಕಾಲೇಜಿನ ಅಧ್ಯಾಪಿಕೆಯ ಸ್ಥಿತಿಯನ್ನು ನೋಡಿರಿ. ಯೋಜನೆಯ ಮೊದಲನೆಯ ಹಂತವು ಸರಕಾರಿ ಸಂಸ್ಥೆಗಳಿಗೆ ಮಾತ್ರ. ಅವಳ ಕಾಲೇಜು ಸರಕಾರದ್ದಲ್ಲ. ಆದುದರಿಂದ ಅವಳು ಆ ಒಂದು ಕೋಟಿ ಎಂಬತ್ತು ಲಕ್ಷದ ಲೆಕ್ಕಕ್ಕೆ ಸೇರಿದವಳಲ್ಲ. ಮೂಲೆಯ ಔಷಧಾಲಯದ ಮೇಲೆ ಚಿಕ್ಕ ಚಿಕಿತ್ಸಾಲಯವನ್ನಿಟ್ಟ ವೈದ್ಯನೂ ಸೇರಿಲ್ಲ. ವಿಜ್ಞಾನವನ್ನು ಕನ್ನಡದಲ್ಲಿ ಬರೆಯಹೊರಟ ಲೇಖಕನೂ ಸೇರಿಲ್ಲ. ಇವರೆಲ್ಲರೂ ತೆರಿಗೆ ತೆರುವವರು. ಮನೆಕಂದಾಯದೊಡನೆ ನೂರಕ್ಕೆ ಆರರಂತೆ ಗ್ರಂಥಾಲಯದ ಕರವನ್ನೂ ಕೊಡುವವರು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೇ ಅದಕ್ಕೆ ಆಧಾರ. ಸಂಶೋಧನೆಗೆ ಒಂದು ಸಲ, ಚಂದಾಕ್ಕೆ ಒಂದು ಸಲ, ಗ್ರಂಥಾಲಯಕ್ಕೆ ಒಂದು ಸಲ, ಹೀಗೆ ಮೂರು ಸಲ ಹಣ ತೆತ್ತ ಮನೆಗೆ ಒಂದು ಪುಟವೂ ದೊರೆಯದಿದ್ದರೆ ಅದನ್ನು ಯಾವ ನ್ಯಾಯವೆಂದು ಕರೆಯಬೇಕು?

ಈ ವ್ಯಾಪಾರದ ಬಗೆ ಲೋಕದ ಬೇರೆ ಯಾವ ವ್ಯಾಪಾರದಲ್ಲಿಯೂ ಕಾಣಬರುವುದಿಲ್ಲ. ರೈತನು ಭತ್ತವನ್ನು ಮಾರಿದರೆ ಅವನಿಗೆ ಕಡಿಮೆಯೋ ಹೆಚ್ಚೋ ಒಂದಿಷ್ಟು ಹಣ ಬರುತ್ತದೆ. ಕಾದಂಬರಿಕಾರನಿಗೂ ಗೌರವಧನವೆಂಬುದು ಒಂದುಂಟು, ಬಂದಾಗ. ವಿದ್ವತ್ಪತ್ರಿಕೆಗೆ ಬರೆದವನಿಗೆ ಕಾಸಿಲ್ಲ. ಆ ಲೇಖನ ಸರಿಯೇ ತಪ್ಪೇ ಎಂದು ಓದಿ ತೀರ್ಪು ಹೇಳುವ ಪರಿಶೀಲಕನೂ ಒಬ್ಬ ಪ್ರಾಧ್ಯಾಪಕನೇ, ಅವನಿಗೂ ಕಾಸಿಲ್ಲ. ಸಂಪಾದಕರಲ್ಲಿ ಬಹುಮಂದಿ ಹೆಸರಿಗಾಗಿ ದುಡಿಯುವವರು. ಕೊನೆಗೆ ಲೇಖಕನು ಒಂದು ಪತ್ರಕ್ಕೆ ರುಜು ಹಾಕಿ ಗ್ರಂಥಸ್ವಾಮ್ಯವನ್ನು ಪ್ರಕಾಶಕನಿಗೆ ಧಾರೆಯೆರೆದುಕೊಡಬೇಕು. ಆ ಬಳಿಕ ಅದೇ ಪ್ರಕಾಶಕನು ಅದೇ ಲೇಖನವನ್ನು ಅದೇ ಲೇಖಕನ ಗ್ರಂಥಾಲಯಕ್ಕೆ ವರ್ಷವರ್ಷವೂ ಮಾರುತ್ತಾನೆ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಸಿಕ್ಕಲಾರದು. ಎಲ್ಸೆವಿಯರಿನ ಒಡೆಯರಾದ ರೆಲ್ಕ್ಸ್ ಕಂಪೆನಿಯ ವಾರ್ಷಿಕ ಲೆಕ್ಕಗಳನ್ನು ತೆರೆದು ನೋಡಿದರೆ, ಈ ವಿಭಾಗದಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಮೂವತ್ತನ್ನೂ ಮೀರಿದ ಲಾಭ ಕಾಣುತ್ತದೆ. ಅಕ್ಕಿಯ ಮಂಡಿಯವನು ಇಷ್ಟು ಲಾಭ ಹೊಡೆದರೆ ಊರು ಸುಮ್ಮನಿರುತ್ತಿರಲಿಲ್ಲ. ಹಾರ್ವರ್ಡಿನಂಥ ಸಿರಿವಂತ ವಿಶ್ವವಿದ್ಯಾನಿಲಯವೇ 2012ರಲ್ಲಿ ಪತ್ರಿಕೆಗಳ ಬೆಲೆಯನ್ನು ಇನ್ನು ತಾಳಲಾಗದೆಂದು ತನ್ನ ಅಧ್ಯಾಪಕರಿಗೆ ಬರೆದು ತಿಳಿಸಿತು.

ಇದು ಅನಾದಿಯಿಂದ ಬಂದ ಪದ್ಧತಿಯೂ ಅಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ 1665ರಲ್ಲಿ ಹೊರಟುದು. ಮುಂದೆ ಬಹುಕಾಲ ಅದು ಹಣ ತರುವ ಬಾಬಾಗಿರದೆ, ಸೊಸೈಟಿಯು ತನ್ನ ಕೈಯಿಂದ ಖರ್ಚು ಹಾಕಿ ನಡೆಸಿದ ಕಾರ್ಯವಾಗಿತ್ತು. ವಿದ್ವತ್ಸಂಘಗಳು ತಮ್ಮ ಸಂಚಿಕೆಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದುವು. ಸಂಘಗಳ ಕೈಯಿಂದ ಪತ್ರಿಕೆಗಳು ದೊಡ್ಡ ಕಂಪೆನಿಗಳ ಕೈಗೆ ಜಾರಿದುದು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ಈಚೆಗೆ.

ಮುಕ್ತಪ್ರವೇಶವೆಂಬ ಮಾತಿಗೆ 2002ನೆಯ ಫೆಬ್ರವರಿಯ ಬುಡಾಪೆಸ್ಟ್ ಘೋಷಣೆಯಲ್ಲಿ ಒಂದು ಖಚಿತವಾದ ಅರ್ಥ ದೊರೆಯಿತು: ವಿದ್ವಲ್ಲೇಖನವು ಅಂತರ್ಜಾಲದಲ್ಲಿ ಯಾರು ಬೇಕಾದರೂ ಹಣವಿಲ್ಲದೆ ಓದುವಂತೆ, ಪ್ರತಿ ಮಾಡಿ ಹಂಚುವಂತೆ ಇರಬೇಕು; ಕರ್ತೃವಿನ ಹೆಸರು ಮಾತ್ರ ಅಳಿಯಕೂಡದು. ವರ್ತಕರು ಮೊದಮೊದಲು ಇದನ್ನು ಹಳಿದರು. ಆಮೇಲೆ ಇದರಲ್ಲಿಯೂ ಹಣವುಂಟೆಂದು ಕಂಡುಕೊಂಡರು. ಓದುವವನಿಂದ ಕೀಳುತ್ತಿದ್ದ ಸುಂಕವನ್ನು ಬರೆಯುವವನಿಂದ ಕಿತ್ತರಾಯಿತು! ‘ನೇಚರ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಮುಕ್ತವಾಗಿಡಲು 2021ರ ಆರಂಭದಲ್ಲಿ ನಿಗದಿಯಾದ ಶುಲ್ಕ 9,500 ಯೂರೋ. ಆಗಿನ ದರದಲ್ಲಿ ಎಂಟು ಲಕ್ಷ ರೂಪಾಯಿಗಳಿಗೂ ಮೇಲೆ. ತುಮಕೂರಿನದೋ ಕೋಲಾರದ್ದೋ ಕಾಲೇಜಿನ ಉಪನ್ಯಾಸಕನು ಇಷ್ಟು ಹಣವನ್ನು ಎಲ್ಲಿಂದ ತರಬೇಕು? ಮೊದಲು ಅವನಿಗೆ ಓದುವ ಅಧಿಕಾರವಿರಲಿಲ್ಲ. ಈಗ ಓದಬಹುದು, ಬರೆಯುವ ಅಧಿಕಾರವಿಲ್ಲ. ಇದನ್ನೂ ಮುಕ್ತವೆಂದು ಕರೆಯುವುದು ಶಬ್ದಕ್ಕೆ ಮಾಡಿದ ಅಪಚಾರ.

ಇದಕ್ಕೆ ಪೂರ್ವಪಕ್ಷವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಬಿಟ್ಟಿಯಾಗಿ ದೊರೆಯುವುದು ಕಸವಾಗಿರುತ್ತದೆಂಬುದು ಒಂದು. ಕಸವಿದೆ, ಸುಳ್ಳಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ನೆಯ ಮೇ ತಿಂಗಳಲ್ಲಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತೆಸೆಯಬೇಕಾಯಿತು. ಆದರೆ ಆ ಕಳಪೆ ಪತ್ರಿಕೆಗಳು ಹುಟ್ಟಿದುದು ಓದುಗನಿಗೆ ಬಾಗಿಲು ತೆರೆದುದರಿಂದಲ್ಲ; ಲೇಖನಗಳನ್ನು ತಲೆಯೆಣಿಸಿ ಬಡ್ತಿ ಕೊಡುವ ಪದ್ಧತಿ ಬಂದುದರಿಂದ, ಲೇಖಕನಿಂದಲೇ ಹಣ ಕೀಳುವ ದಾರಿ ತೆರೆದುದರಿಂದ. ಎರಡನೆಯ ಮಾತು ಹೆಚ್ಚು ತೂಕದ್ದು: ಕರಡು ತಿದ್ದುವುದಕ್ಕೆ, ಅಚ್ಚುಕಟ್ಟಾಗಿ ಜೋಡಿಸುವುದಕ್ಕೆ, ನೂರು ವರ್ಷ ಕೆಡದಂತೆ ಕಾಪಾಡುವುದಕ್ಕೆ ಖರ್ಚಿಲ್ಲವೇ? ಇದೆ. ಆ ಖರ್ಚು ಎಷ್ಟು, ಅದನ್ನು ಯಾರು ಹೇಗೆ ಹೊರಬೇಕೆಂಬುದೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿಯೇ ಬಹುಕಾಲದಿಂದ ಕಣ್ಣೆದುರಿಗಿದೆ.

ಹೊಸ ತಿಪ್ಪಸಂದ್ರದ ನೆರೆಯ ಬಡಾವಣೆಗೆ ಯಾರ ಹೆಸರಿದೆಯೋ ಆ ಚಂದ್ರಶೇಖರ ವೆಂಕಟ ರಾಮನ್ನರು 1928ನೆಯ ಮಾರ್ಚ್ 16ರಂದು ಬೆಂಗಳೂರಿಗೆ ಬಂದು ತಮ್ಮ ಹೊಸ ಬೆಳಕಿನ ಸಂಗತಿಯನ್ನು ಉಪನ್ಯಾಸದಲ್ಲಿ ವಿವರಿಸಿದರು. ಆ ಉಪನ್ಯಾಸವನ್ನು ಕಲ್ಕತ್ತೆಯ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯಲ್ಲಿ ಆ ತಿಂಗಳೊಳಗಾಗಿಯೇ ಅಚ್ಚುಹಾಕಿಸಿ, ಅದರ ಬಿಡಿಪ್ರತಿಗಳನ್ನು ನಾನಾ ದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ನೊಬೆಲ್ ಬಹುಮಾನವು 1930ರಲ್ಲಿ ಬಂದಿತು. ಭಾರತೀಯ ಪತ್ರಿಕೆಯಲ್ಲಿ ಅಚ್ಚಾದುದರಿಂದ, ಬಿಟ್ಟಿಯಾಗಿ ಹಂಚಿದುದರಿಂದ ಆ ಶೋಧದ ಬೆಲೆ ಕುಂದಿತೇ? ಮುಂದೆ 1934ರಲ್ಲಿ ಅವರೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರ ಪತ್ರಿಕೆಯನ್ನು ಹೊರಡಿಸಿದರು. ‘ಕರೆಂಟ್ ಸೈನ್ಸ್’ ಅದಕ್ಕೆ ಎರಡು ವರ್ಷ ಮುಂಚೆಯೇ ಇದೇ ಊರಿನಲ್ಲಿ ಹೊರಟಿತ್ತು. ಅಂತರ್ಜಾಲ ಬಂದ ಬಳಿಕ ಈ ಎರಡು ಮನೆಗಳೂ ತಮ್ಮ ಹೊಸ ಹಳೆಯ ಸಂಚಿಕೆಗಳನ್ನು ಎಲ್ಲರಿಗೂ ತೆರೆದಿಟ್ಟುವು. ಓದುವವನಿಂದಲೂ ಕೇಳಲಿಲ್ಲ, ಬರೆಯುವವನಿಂದಲೂ ಕೇಳಲಿಲ್ಲ; ಸರಕಾರದ ಸಹಾಯಧನ, ಅಚ್ಚಿನ ಪ್ರತಿಗಳ ಚಂದಾ, ಸದಸ್ಯರ ಶ್ರಮ ಇವುಗಳಿಂದ ಕೆಲಸ ನಡೆಯಿತು. 2007ರಲ್ಲಿ ಅಕಾಡೆಮಿಯು ಹೊರದೇಶದ ಮಾರಾಟಕ್ಕಾಗಿ ಸ್ಪ್ರಿಂಗರ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಾಗ ಹಲವರು ಹುಬ್ಬುಗಂಟಿಕ್ಕಿದರು. ಆಗಲೂ ಅದು ತನ್ನ ಸ್ವಂತ ತಾಣದಲ್ಲಿ ಲೇಖನಗಳನ್ನು ತೆರೆದೇ ಇಡುವ ಹಕ್ಕನ್ನು ಉಳಿಸಿಕೊಂಡಿತು. ಹಣದ ಮಾತಿಗೆ ಕುಳಿತಾಗ ಬಿಟ್ಟುಕೊಡಕೂಡದ ಅಂಶ ಯಾವುದೆಂಬುದನ್ನು ಇದರಿಂದ ಕಲಿಯಬಹುದು.

ಭಾರತೀಯ ವಿಜ್ಞಾನ ಮಂದಿರವು 2002ರಲ್ಲಿ ತನ್ನ ಅಧ್ಯಾಪಕರ ಲೇಖನಗಳಿಗಾಗಿ ಒಂದು ತೆರೆದ ಭಂಡಾರವನ್ನು ಕಟ್ಟಿತು. ದೇಶದಲ್ಲಿ ಆ ಬಗೆಯದು ಅದೇ ಮೊದಲನೆಯದು. ಅದರ ಹಿಂದೆ ನಿಂತವರು ಟಿ. ಬಿ. ರಾಜಶೇಖರರು. 2006ನೆಯ ನವೆಂಬರಿನಲ್ಲಿ ಅದೇ ಮಂದಿರದಲ್ಲಿ ನೆರೆದ ವಿದ್ವಾಂಸರು ಬಡದೇಶಗಳ ಸರಕಾರಗಳಿಗೆ ತಕ್ಕ ಮುಕ್ತಪ್ರವೇಶ ನೀತಿಯೊಂದರ ಮಾದರಿಯನ್ನೂ ಬರೆದುಕೊಟ್ಟರು. ಕೇಂದ್ರ ಸರಕಾರದ ವಿಜ್ಞಾನ ಇಲಾಖೆಗಳೆರಡು 2014ನೆಯ ಡಿಸೆಂಬರಿನಲ್ಲಿ, ತಮ್ಮ ಹಣದಿಂದ ನಡೆದ ಕೆಲಸದ ಲೇಖನಗಳನ್ನು ಇಂಥ ಭಂಡಾರಗಳಲ್ಲಿಡಬೇಕೆಂದು ಕಟ್ಟಳೆ ಮಾಡಿದುವು. ಇಡದವನನ್ನು ಕೇಳುವವರಿಲ್ಲದೆ ಆ ಕಟ್ಟಳೆ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ವರ್ಷಕ್ಕೆ 2,000 ಕೋಟಿ ರೂಪಾಯಿಗಳನ್ನು ಬಾಡಿಗೆಗೆ ತೆರುವ ಸರಕಾರವು ತನ್ನದೇ ಕಟ್ಟಳೆಯನ್ನು ನಡೆಯಿಸುವುದಕ್ಕೆ ಅದರ ನೂರರಲ್ಲೊಂದು ಪಾಲನ್ನು ವೆಚ್ಚಮಾಡಿದರೂ ಚಿತ್ರ ಬೇರೆಯಾಗುತ್ತಿತ್ತು.

ಬಾಗಿಲು ಮುಚ್ಚಿದಲ್ಲಿ ಹಿತ್ತಲ ಗೋಡೆ ಹಾರುವವರು ಹುಟ್ಟುತ್ತಾರೆ. ಕಜಾಕಸ್ತಾನದ ತರುಣಿಯೊಬ್ಬಳು 2011ರಲ್ಲಿ ತೆರೆದ ಸೈ-ಹಬ್ ಎಂಬ ತಾಣದಿಂದ ಲಕ್ಷಾಂತರ ಲೇಖನಗಳು ಬಿಟ್ಟಿಯಾಗಿ ಹರಿದುವು. ಪ್ರಕಾಶಕರು 2020ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. 2025ರಲ್ಲಿ ಆ ತಾಣವನ್ನು ತಡೆಯುವ ಆಜ್ಞೆಯಾಯಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಇಂಥ ಕಥೆ ಕನ್ನಡನಾಡಿಗೆ ಹೊಸದಲ್ಲವೆಂಬುದನ್ನು ಬಲ್ಲವರು ಬಲ್ಲರು. ಮೂಡಬಿದರೆಯ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು, ಹಳಗನ್ನಡ ಲಿಪಿಯಲ್ಲಿ ಬರೆದವು, ಶತಮಾನಗಳ ಕಾಲ ಇದ್ದುವು. ಅವು ದರ್ಶನಕ್ಕಿದ್ದುವೇ ಹೊರತು ಓದಿಗಿರಲಿಲ್ಲ. ದೂರದೂರದಿಂದ ಬಂದ ಶ್ರಾವಕರು ಕೈಮುಗಿದು ಹಿಂದಿರುಗುತ್ತಿದ್ದರು. 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ತೊಡಗಿ ಕಾಲು ಶತಮಾನ ನಡೆಯಿತು. ಪ್ರತಿಯೂ ಊರು ಬಿಟ್ಟು ಹೋಗಕೂಡದೆಂಬುದು ನಿಬಂಧನೆ. ಆದರೂ ಪ್ರತಿಕಾರನಾದ ಪಂಡಿತನ ಮನೆಯಿಂದಲೇ ಇನ್ನೊಂದು ಪ್ರತಿ ಗುಟ್ಟಾಗಿ ಉತ್ತರ ಹಿಂದೂಸ್ಥಾನಕ್ಕೆ ಸಾಗಿತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲನೆಯ ಸಂಪುಟವು ಧವಲಾ ಟೀಕೆಯೊಡನೆ ಅಚ್ಚಾಗಿ ಹೊರಬಂದಿತು. ಓಲೆಗಳನ್ನು ಹುಳುಹುಪ್ಪಟೆಯಿಂದ ಕಾಪಾಡಿದ ಬಸದಿಯವರ ಉಪಕಾರವನ್ನು ಮರೆಯಕೂಡದು. ಅವರಿಲ್ಲದಿದ್ದರೆ ಪ್ರತಿ ಮಾಡುವುದಕ್ಕೂ ಏನೂ ಉಳಿಯುತ್ತಿರಲಿಲ್ಲ. ಆದರೆ ಕಾಪಾಡುವುದು ಬೇರೆ, ಮುಚ್ಚಿಡುವುದು ಬೇರೆ. ಅದೇ ಧರ್ಮದ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ, ಮುದ್ರಾಯಂತ್ರದ ಹೆಸರೂ ಇಲ್ಲದ ಕಾಲದಲ್ಲಿ, ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೊಂದು ಪ್ರತಿಗೆ ಎಷ್ಟು ದಿನ, ಎಷ್ಟು ಕಂಠದ ಮೊನೆ, ಎಷ್ಟು ಕಣ್ಣು ಸವೆದಿರಬೇಕು! ಇಂದು ಸಾವಿರದೊಂದನೆಯ ಪ್ರತಿಗೆ ತಗಲುವ ವೆಚ್ಚ ಸೊನ್ನೆ. ಹಾಗಿದ್ದೂ ಶಾಸ್ತ್ರವು ಅಂದಿಗಿಂತ ದುಬಾರಿಯಾಗಿದೆ.

ಇಷ್ಟನ್ನೂ ಎಲ್ಸೆವಿಯರಿನ ಕಡೆ ಬೆರಳು ಮಾಡಿ ಹೇಳುವುದು ಸುಲಭ. ಕನ್ನಡದ ವಿದ್ವತ್ಸಂಸ್ಥೆಗಳು ಮಾಡುತ್ತಿರುವುದೇನು? ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳು, ಅಕಾಡೆಮಿಗಳು, ಜಿಲ್ಲೆಜಿಲ್ಲೆಯ ಸಾಹಿತ್ಯಸಂಘಗಳು ಸಾರ್ವಜನಿಕರ ಹಣದಿಂದ ಪ್ರಕಟಿಸಿದ ಗ್ರಂಥಗಳು ಎಷ್ಟೋ. ಅವುಗಳಲ್ಲಿ ಅನೇಕವು ಮರುಮುದ್ರಣ ಕಾಣದೆ ಅಂಗಡಿಯಲ್ಲಿಲ್ಲ. ಒಳಪುಟದಲ್ಲಿ ಮಾತ್ರ ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂದು ಅಚ್ಚಾಗಿದೆ. ಮಾರುವುದಿಲ್ಲ, ಕೊಡುವುದೂ ಇಲ್ಲ. ಲಾಭಕ್ಕಾಗಿ ಬೀಗ ಹಾಕುವವನ ನಡತೆಯಲ್ಲಿ ಅವನಿಗಾದರೂ ಒಂದು ಅರ್ಥವಿದೆ; ಲಾಭವೂ ಇಲ್ಲದೆ ಬೀಗ ಹಾಕುವುದಕ್ಕೆ ಏನೆನ್ನಬೇಕು? ಸಂಘದ ಬೀರುವಿನಲ್ಲಿ ಹಳೆಯ ಸಂಚಿಕೆಗಳ ಒಂದೇ ಕಟ್ಟು. ಬೀಗದ ಕೈ ಕಾರ್ಯದರ್ಶಿಗಳ ಮನೆಯಲ್ಲಿ. ಕಾರ್ಯದರ್ಶಿಗಳು ಮಗನ ಊರಿಗೆ ಹೋಗಿದ್ದಾರೆ. ಸಂಶೋಧನೆಗೆ ಬಂದ ವಿದ್ಯಾರ್ಥಿ ಬಸ್ಸು ಹತ್ತಿ ಹಿಂದಿರುಗುತ್ತಾನೆ. ಈ ಚಿತ್ರವನ್ನು ನೋಡದ ಜಿಲ್ಲೆ ಯಾವುದಿದೆ?

ಬೇರೆ ಬಗೆಯ ನಡತೆಯೂ ಈ ನಾಡಿನಲ್ಲಿಯೇ ಇದೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು ಇಂದು ಅಂತರ್ಜಾಲದಲ್ಲಿ ಎಲ್ಲರ ಕೈಗೂ ಎಟಕುತ್ತವೆ. ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಒಂಬತ್ತನೆಯ ಸಂಪುಟ 1905ರದು. ಹೊಸ ತಿಪ್ಪಸಂದ್ರದ ಶಾಲಾಬಾಲಕನೊಬ್ಬನು ಕೂಗಳತೆಯ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಗೋಡೆಯ ಬರಹವೇನೆಂದು ಕೇಳಿದರೆ ಮನೆಯಲ್ಲಿಯೇ ಕುಳಿತು ಓದಿ ಹೇಳಬಹುದು. ಅದೇ ಶಾಸನವನ್ನು ಕುರಿತು ಇಂದಿನ ವಿದ್ವಾಂಸನು ಪರದೇಶದ ಪತ್ರಿಕೆಯಲ್ಲಿ ಬರೆದರೆ ಅದನ್ನು ಓದಲು ಡಾಲರು ಬೇಕು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಶಾಸನಶಿಲೆಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿ, ಮನೆಯಲ್ಲಿ ಕುಳಿತವರಿಗೂ ಕಲ್ಲಿನ ಅಕ್ಷರ ಕಾಣುವಂತೆ ಮಾಡಹೊರಟಿದೆ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ವಿಶ್ವಕೋಶದ ಮಾನ ಇದರಿಂದ ಹೋಯಿತೆಂದು ಯಾರೂ ಹೇಳಿದ ಹಾಗಿಲ್ಲ.

ಫ. ಗು. ಹಳಕಟ್ಟಿಯವರ ಹೆಸರನ್ನು ಇಲ್ಲಿ ಹೇಳದಿರಲಾಗದು. ವಕೀಲಿಯಿಂದ ಸುಖವಾಗಿರಬಹುದಾಗಿದ್ದ ಆ ಮಹನೀಯರು ವಚನಗಳ ಓಲೆಕಟ್ಟುಗಳನ್ನರಸಿ ಮನೆಮನೆಗೆ ತಿರುಗಿದರು; ಇದ್ದ ಮನೆಯನ್ನು ಮಾರಿ ವಿಜಾಪುರದಲ್ಲಿ ಮುದ್ರಣಾಲಯವನ್ನಿಟ್ಟರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಅವರು ತೀರಿಕೊಂಡುದು 1964ರಲ್ಲಿ. ಕರ್ತೃವು ಗತಿಸಿದ ವರ್ಷದ ಮುಂದಿನ ವರ್ಷದಿಂದ ಅರವತ್ತು ವರ್ಷಗಳ ಗ್ರಂಥಸ್ವಾಮ್ಯವೆಂಬುದು ಈ ದೇಶದ ಕಾನೂನು. ಆ ಲೆಕ್ಕದಂತೆ ಅವರ ಬರಹಗಳು 2025ನೆಯ ಜನವರಿ 1ರಿಂದ ಸಾರ್ವಜನಿಕರ ಸೊತ್ತಾಗಿವೆ. ಮನೆಯನ್ನು ಮಾರಿ ಹಂಚಿದವರ ಬರಹಕ್ಕೂ ಅರವತ್ತು ವರ್ಷ ಕಾಯಬೇಕಾಯಿತೆಂಬುದು ವಿಚಿತ್ರವೇ. ನೆರೆಯ ತಮಿಳುನಾಡು ಅನೇಕ ಗ್ರಂಥಕರ್ತರ ಕೃತಿಗಳನ್ನು, ಅವರ ಕುಟುಂಬಗಳಿಗೆ ತಕ್ಕ ಹಣ ಕೊಟ್ಟು, ಗಡುವಿಗೆ ಮುಂಚೆಯೇ ರಾಷ್ಟ್ರದ ಸೊತ್ತಾಗಿ ಮಾಡಿದೆ. ಕರ್ನಾಟಕ ಸರಕಾರವೂ ಆ ದಾರಿ ಹಿಡಿಯಲು ಅಡ್ಡಿಯೇನು?

ಜಿಲ್ಲಾ ಸಂಘಗಳು ಸರಕಾರವನ್ನು ಕಾಯಬೇಕಾಗಿಲ್ಲ. ಯಾವ ಸಂಘದ ವಾರ್ಷಿಕ ಸಭೆಯಲ್ಲಿಯೂ ಎರಡು ನಿರ್ಣಯಗಳನ್ನು ಅಂಗೀಕರಿಸಲು ಅರ್ಧ ಗಂಟೆ ಸಾಕು. ಬೀರುವಿನಲ್ಲಿರುವ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸಿ, ಲೇಖಕರೂ ಅವರ ಮನೆಯವರೂ ಬಲ್ಲಂತೆ ಒಪ್ಪಿಗೆ ಪಡೆದು, ಒಂದಕ್ಕಿಂತ ಹೆಚ್ಚು ತಾಣಗಳಲ್ಲಿ ಇಡತಕ್ಕದ್ದೆಂಬುದು ಮೊದಲನೆಯದು. ಒಂದಕ್ಕಿಂತ ಹೆಚ್ಚು ಎಂಬುದನ್ನು ಒತ್ತಿಹೇಳಬೇಕಾಗಿದೆ: ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಹೆಸರಿನಲ್ಲಿ ಲಕ್ಷಗಟ್ಟಲೆ ಪುಸ್ತಕಗಳನ್ನಿಟ್ಟಿದ್ದ ತಾಣ ಕೆಲವು ವರ್ಷಗಳ ಹಿಂದೆ ನಿಂತುಹೋದಾಗ, ಹೊರಗಿನವರು ಇಂಟರ್‌ನೆಟ್ ಆರ್ಕೈವಿನಲ್ಲಿ ಪ್ರತಿ ಮಾಡಿಟ್ಟುಕೊಂಡಿದ್ದುದರಿಂದಲೇ ಬಹಳಷ್ಟು ಕನ್ನಡ ಪುಸ್ತಕಗಳು ಇಂದಿಗೂ ಸಿಕ್ಕುತ್ತಿವೆ. ಎರಡನೆಯ ನಿರ್ಣಯ ಇನ್ನೂ ಚಿಕ್ಕದು. ಮುಂದಿನ ಸಂಚಿಕೆಯಿಂದ ಒಳಪುಟದ ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂಬ ಸಾಲನ್ನು ತೆಗೆದು, ಹಕ್ಕು ಲೇಖಕರಲ್ಲಿಯೇ ಉಳಿದಿದೆಯೆಂದೂ, ಕರ್ತೃವಿನ ಹೆಸರು ಹೇಳಿ ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದೆಂದೂ ಅಚ್ಚುಮಾಡತಕ್ಕದ್ದು. ಇದಕ್ಕೆ ತಗಲುವ ಹೆಚ್ಚಿನ ಖರ್ಚು ಒಂದು ಸಾಲಿನ ಮೊಳೆಜೋಡಣೆ.